ರಟ್ಟಿನ ಪಟ್ಟಿ, ತೂತು, ಎಲ್‌ಇಡಿ: ಅಪವರ್ತನ ಹುಡುಕುವ ಪೆಟ್ಟಿಗೆ ಮಾಡಿದ್ದು ಹೀಗೆ

8616460799.

ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತದೆ? 1874ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ತಮ್ಮ ಪುಸ್ತಕವೊಂದರಲ್ಲಿ ಈ ಪ್ರಶ್ನೆ ಹಾಕಿದ್ದರು. ನನ್ನನ್ನು ಬಿಟ್ಟು ಇನ್ಯಾರಿಗೂ ಇದರ ಉತ್ತರ ಗೊತ್ತಾಗೋದು ಅನುಮಾನ ಅನ್ನೋ ಧಾಟಿಯಲ್ಲಿ. ಇವತ್ತು ಮೊಬೈಲಿಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ, ಅದರಲ್ಲಿ ಮಜಾ ಇಲ್ಲ. ನನಗೆ ಬೇಕಿದ್ದದ್ದು ಬೇರೆ. ಕಂಪ್ಯೂಟರ್ ಬೇಡ, ಪ್ರೋಗ್ರಾಂ ಬೇಡ, ಮೇಜಿನ ಮೇಲೆ ರಟ್ಟಿನ ಪಟ್ಟಿ ಜರುಗಿಸಿ, ಕೆಳಗಿಂದ ದೀಪ ಹಾಕಿ, ಎಲ್ಲಿ ಬೆಳಕು ತೂರಿ ಬರುತ್ತೋ ಅಲ್ಲಿ ಉತ್ತರ ಅನ್ನುವಂಥ ಒಂದು ಪೆಟ್ಟಿಗೆ. ಮಾಡಿ ಮುಗಿಸಿದ್ದೇನೆ, ಕೆಲಸ ಮಾಡುತ್ತಿದೆ. ಅಳತೆ, ಲೆಕ್ಕ, ಎಲ್ಲೆಲ್ಲಿ ಕೈ ಕೊಡುತ್ತೆ ಅನ್ನೋದನ್ನೆಲ್ಲ ಕೆಳಗೆ ಬರೆದಿದ್ದೇನೆ. ಮಾಡಬೇಕು ಅನ್ನಿಸಿದವರು ಇದನ್ನೇ ನೋಡಿಕೊಂಡು ಮಾಡಬಹುದು.

ಭಾಗಿಸಿ ನೋಡಿದರೆ ಆಗಲ್ವಾ?

ಆಗುತ್ತೆ. ಶಾಲೆಯಲ್ಲಿ ಕಲಿಸಿದ್ದೇ ಅದು. 2, 3, 5, 7 ಅಂತ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗುವುದು, ವರ್ಗಮೂಲ ಮುಟ್ಟಿದ ಮೇಲೆ ನಿಲ್ಲಿಸುವುದು. ಜೆವನ್ಸ್ ಸಂಖ್ಯೆಯ ವರ್ಗಮೂಲ 92824ಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟರೊಳಗೆ ಸುಮಾರು 9 ಸಾವಿರ ಅವಿಭಾಜ್ಯ ಸಂಖ್ಯೆಗಳಿವೆ. ಕೈಯಲ್ಲಿ 9 ಸಾವಿರ ಭಾಗಾಕಾರ ಯಾರು ಮಾಡ್ತಾರೆ? ಅದರಲ್ಲೂ ಇದರ ಚಿಕ್ಕ ಅಪವರ್ತನ ಸಾಲಿನ ಕೊನೆಕೊನೆಯಲ್ಲಿ ಕೂತಿದೆ, ಅಂದರೆ ಹೆಚ್ಚು ಕಡಿಮೆ ಎಲ್ಲವನ್ನೂ ಮಾಡಲೇಬೇಕು.

ಇನ್ನೊಂದು ದಾರಿ ಇದೆ. ಫ್ರಾನ್ಸಿನ ಪಿಯೆರ್ ದ ಫರ್ಮಾ 1643ರ ಸುಮಾರಿಗೆ ಬಳಸಿದ್ದು. ಅದಕ್ಕೂ ಮುಂಚೆ ನಮ್ಮಲ್ಲಿ ನಾರಾಯಣ ಪಂಡಿತರು 1356ರ 'ಗಣಿತ ಕೌಮುದಿ'ಯಲ್ಲಿ ಅಪವರ್ತನಗಳಿಗೆಂದೇ 'ಭಾಗಾದಾನ' ಅಂತ ಒಂದು ಅಧ್ಯಾಯ ಇಟ್ಟು ಇದೇ ಜಾಡಿನ ವಿಧಾನ ಕೊಟ್ಟಿದ್ದಾರೆ. ಮೂಲ ವಿಷಯ ಹೈಸ್ಕೂಲಿನದ್ದೇ: x² − y² ಅಂದರೆ (x + y)(x − y). ಬೆಸ ಸಂಖ್ಯೆಯೊಂದು ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಆ ಎರಡರ ನಟ್ಟನಡುವೆ ಇರೋದು x, ನಡುವಿನಿಂದ ಆಚೀಚೆ ಇರುವ ದೂರ y. ಹಾಗಾಗಿ ವರ್ಗಮೂಲದ ಮೇಲಿನ ಮೊದಲ ಪೂರ್ಣ ಸಂಖ್ಯೆಯಿಂದ ಶುರು ಮಾಡಿ x ಅನ್ನು ಒಂದೊಂದೇ ಏರಿಸುತ್ತಾ ಹೋಗಬೇಕು. ಪ್ರತಿ ಸಲ x²ನಿಂದ ನಮ್ಮ ಸಂಖ್ಯೆ ಕಳೆದು, ಉಳಿದದ್ದು ಪೂರ್ಣ ವರ್ಗವಾ ನೋಡಬೇಕು. ಹೌದಾದರೆ ಕೆಲಸ ಮುಗಿಯಿತು.

ಫರ್ಮಾ ತೋರಿಸಿದ ಉದಾಹರಣೆ 2027651281. ವರ್ಗಮೂಲ 45029ರ ಮೇಲೆ, ಆದ್ದರಿಂದ 45030ರಿಂದ ಶುರು. ಹನ್ನೆರಡನೆಯದು 45041. ಅದರ ವರ್ಗದಿಂದ ಸಂಖ್ಯೆ ಕಳೆದರೆ 1040400, ಅದು 1020ರ ವರ್ಗ. ಅಪವರ್ತನಗಳು 46061 ಮತ್ತು 44021. ಹನ್ನೆರಡೇ ಹೆಜ್ಜೆ!

ಆದರೆ ಪ್ರತಿ ಹೆಜ್ಜೆಯಲ್ಲೂ ದೊಡ್ಡ ವರ್ಗ ಹಾಕಿ, ಕಳೆದು, ವರ್ಗಮೂಲ ತೆಗೆಯೋದು ಬೇಜಾರಿನ ಕೆಲಸ. ಅದನ್ನು ತಪ್ಪಿಸೋದಕ್ಕೇ ಈ ಪೆಟ್ಟಿಗೆ.

ಲೆಕ್ಕ ಮಾಡದೆ ಹೊರಗೆ ಹಾಕುವುದು

ಪೂರ್ಣ ವರ್ಗದ ಕೊನೆಯ ಅಂಕಿ ಯಾವತ್ತೂ 2, 3, 7, 8 ಆಗಲ್ಲ. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಕಳೆದು ಉಳಿದದ್ದರ ಕೊನೆಯ ಅಂಕಿ 7 ಅಂತ ಕಂಡರೆ ಮುಂದೆ ನೋಡುವುದೇ ಬೇಡ. ಇದೇ ಮಾತನ್ನು ಬೇರೆ ಭಾಜಕಗಳಿಗೂ ಹಿಗ್ಗಿಸಬಹುದು. ಪೂರ್ಣ ವರ್ಗವನ್ನು 7ರಿಂದ ಭಾಗಿಸಿದರೆ ಶೇಷ 0, 1, 2, 4 ಮಾತ್ರ ಬರುತ್ತೆ. 3, 5, 6 ಬರೋದೇ ಇಲ್ಲ. 11ಕ್ಕೆ ಬರೋದು 0, 1, 3, 4, 5, 9. 13ಕ್ಕೆ 0, 1, 3, 4, 9, 10, 12.

ಜೆವನ್ಸ್ ಸಂಖ್ಯೆಯನ್ನು 7ರಿಂದ ಭಾಗಿಸಿದರೆ ಶೇಷ 2. ಈಗ x ಅನ್ನು 7ರಿಂದ ಭಾಗಿಸಿದಾಗ ಶೇಷ 1 ಬಂತು ಅಂದುಕೊಳ್ಳಿ. x²ನ ಶೇಷ 1, ಅದರಿಂದ 2 ಕಳೆದರೆ −1, ಅಂದರೆ 6. ವರ್ಗಕ್ಕೆ ಶೇಷ 6 ಬರಲ್ಲ, ಆ x ಔಟ್. ಹೀಗೆ ಏಳನ್ನೂ ನೋಡಿದರೆ ಉಳಿಯುವುದು ಶೇಷ 2, 3, 4, 5 ಇರುವ xಗಳು ಮಾತ್ರ. ದೊಡ್ಡ ಸಂಖ್ಯೆಯ ವರ್ಗ ಎಲ್ಲೂ ಹಾಕಲಿಲ್ಲ ನೋಡಿ. ಒಂದಂಕಿ ಲೆಕ್ಕದಲ್ಲೇ ಹತ್ತಿರ ಹತ್ತಿರ ಅರ್ಧ xಗಳು ಹೋದವು. 5, 11, 13 ಕೂಡ ಒಂದೊಂದು ಸಲ ಅರ್ಧದಷ್ಟನ್ನು ತೆಗೆಯುತ್ತವೆ. 9 ಮತ್ತು 16 ಇನ್ನೂ ಜಾಸ್ತಿ ತೆಗೆಯುತ್ತವೆ.

x ಒಂದೊಂದೇ ಏರುತ್ತಾ ಹೋದಂತೆ ಈ ನಮೂನೆ ಏಳಕ್ಕೊಮ್ಮೆ ಮರುಕಳಿಸುತ್ತದೆ. ಹಾಗಾದರೆ ಒಂದು ಪಟ್ಟಿಯ ಮೇಲೆ ಒಂದೊಂದು xಗೆ ಒಂದೊಂದು ಮನೆ ಗುರುತಿಸಿ, ಉಳಿಯುವ ಮನೆಗೆ ತೂತು ಹೊಡೆದು, ಬೇರೆ ಬೇರೆ ಭಾಜಕದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ, ಎಲ್ಲದರಲ್ಲೂ ತೂತು ಇರುವ ಕಡೆ ಮಾತ್ರ ಬೆಳಕು ಬರುತ್ತೆ. ಇಷ್ಟೇ ಇದರ ಗುಟ್ಟು.

ಈ ಐಡಿಯಾ ನನ್ನದಲ್ಲ. 1919ರಲ್ಲಿ ಫ್ರಾನ್ಸಿನ ಯೂಜೀನ್ ಕಾರಿಸನ್ 14 ಉಂಗುರಗಳ ಕೈ ತಿರುಗಿಸುವ ಯಂತ್ರ ಮಾಡಿದ್ದರು, 708158977 ಅವಿಭಾಜ್ಯ ಅಂತ ಅದು ಹತ್ತೇ ನಿಮಿಷದಲ್ಲಿ ತೋರಿಸಿತ್ತು. ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ 1926ರಲ್ಲಿ ಬೇರೆ ಬೇರೆ ಉದ್ದದ ಸೈಕಲ್ ಚೈನುಗಳನ್ನು ನೇತುಹಾಕಿ ಒಂದು ಜರಡಿ ಯಂತ್ರ ಕಟ್ಟಿದರು. 1932ರಲ್ಲಿ ಹಲ್ಲುಚಕ್ರಗಳಿಗೆ ತೂತು ಮಾಡಿ, ತೂತುಗಳೆಲ್ಲ ಒಂದೇ ಸಾಲಿಗೆ ಬಂದಾಗ ಬೆಳಕು ಫೋಟೋಸೆಲ್ ಮೇಲೆ ಬೀಳುವಂಥ ಇನ್ನೊಂದನ್ನು ಮಾಡಿದರು. ಸೈಕಲ್ ಚೈನಿನದ್ದನ್ನೇ ಮಾಡೋಣ ಅಂತ ಆಸೆ ಇತ್ತು, ಆದರೆ ಪ್ರತಿ ಹೊಸ ಸಂಖ್ಯೆಗೂ ಚೈನಿನ ಪಿನ್ನುಗಳನ್ನು ಬದಲಿಸೋ ತಲೆನೋವು ನನಗೆ ಬೇಡ ಅನ್ನಿಸಿತು. ರಟ್ಟು ವಾಸಿ.

ಅಳತೆ

ಎ3 ಹಾಳೆ 420 ಮಿಲಿಮೀಟರ್ ಉದ್ದ. ಒಂದು ಮನೆಗೆ 6 ಮಿ.ಮೀ. ಇಟ್ಟರೆ ಸರಿಯಾಗಿ 70 ಮನೆ. ಪಟ್ಟಿ ಜರುಗಬೇಕಲ್ಲ, ಅದಕ್ಕೆ ಮೇಲಿಂದ ದೀಪ ನೋಡುವ ಕಿಟಕಿಯಷ್ಟೇ ಉದ್ದ ಇದ್ದರೆ ಸಾಲದು. 13ರ ಪಟ್ಟಿಯನ್ನು 12 ಮನೆಯವರೆಗೂ ಜರುಗಿಸಬೇಕಾಗಬಹುದು, ಅದಕ್ಕೆ 12 ಮನೆ ಜಾಸ್ತಿ ಬೇಕು. 70ರಲ್ಲಿ 12 ಹೋದರೆ 58. ಹಾಗಾಗಿ ಕಿಟಕಿಗೆ 58 ಮನೆ. ಒಂದು ಸಲ ಜೋಡಿಸಿದರೆ 58 xಗಳನ್ನು ಒಟ್ಟಿಗೆ ನೋಡಬಹುದು.

ಪಟ್ಟಿಯ ಅಗಲ 20 ಮಿ.ಮೀ. ಎ3 ಹಾಳೆಯ ಅಗಲ 297, ಒಂದು ಹಾಳೆಗೆ 14 ಪಟ್ಟಿ.

ಒಟ್ಟು ಎಷ್ಟು ಪಟ್ಟಿ ಬೇಕು ಅನ್ನೋದು ಇದರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಲೆಕ್ಕ. 7ಕ್ಕೆ ಸಂಖ್ಯೆಯ ಶೇಷ 1ರಿಂದ 6ರವರೆಗೆ ಯಾವುದೂ ಇರಬಹುದು, ಆದ್ದರಿಂದ 6 ಪಟ್ಟಿ. ಶೇಷ 0 ಬಂದರೆ 7 ಅಪವರ್ತನ ಅಂತ ಆಗಲೇ ಗೊತ್ತಾಯಿತಲ್ಲ, ಅದಕ್ಕೆ ಪಟ್ಟಿ ಬೇಡ. 5ಕ್ಕೆ 4, 11ಕ್ಕೆ 10, 13ಕ್ಕೆ 12. ಇನ್ನು 16. ಬೆಸ ಶೇಷ ಎಂಟು, ಎಂಟು ಪಟ್ಟಿ ಬೇಕು ಅಂತ ಕೂತು ಬಿಡಿಸಿದರೆ ನಾಲ್ಕೇ ನಮೂನೆ ಬಂದವು. ಶೇಷ 1 ಅಥವಾ 13 ಆದರೆ x ಅನ್ನು 8ರಿಂದ ಭಾಗಿಸಿದ ಶೇಷ 1 ಅಥವಾ 7 ಇರಬೇಕು. 3, 11ಕ್ಕೆ 2 ಅಥವಾ 6. 5, 9ಕ್ಕೆ 3 ಅಥವಾ 5. 7, 15ಕ್ಕೆ 0 ಅಥವಾ 4. ಅಂದರೆ ಹೆಸರಿಗೆ 16ರ ಪಟ್ಟಿ, ಆದರೆ ನಮೂನೆ 8 ಮನೆಗೇ ಮರುಕಳಿಸುತ್ತೆ, ಮತ್ತು ಸಂಖ್ಯೆ ಯಾವುದೇ ಇರಲಿ ಎಂಟರಲ್ಲಿ ಎರಡೇ ಮನೆ ಉಳಿಯುತ್ತೆ. ಮುಕ್ಕಾಲು ಭಾಗ ಒಂದೇ ಏಟಿಗೆ ಹೋಯಿತು!

9ರದ್ದೂ ಹಾಗೇ. ಶೇಷ 2, 5, 8 ಮೂರಕ್ಕೂ ಒಂದೇ ಪಟ್ಟಿ: x ಮೂರರ ಅಪವರ್ತ್ಯ ಆಗಿರಬೇಕು. ಶೇಷ 1ಕ್ಕೆ x ಶೇಷ 1, 8. ಶೇಷ 4ಕ್ಕೆ 2, 7. ಶೇಷ 7ಕ್ಕೆ 4, 5. ಇಲ್ಲೂ ನಾಲ್ಕು ಪಟ್ಟಿ.

ಎಲ್ಲ ಸೇರಿ 40. ಮೂರು ಎ3 ಹಾಳೆಯಲ್ಲಿ 42 ಪಟ್ಟಿ ಬರುತ್ತೆ, ಎರಡು ಉಳಿಯಿತು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತೆ ಅಂತ ನಾನೇನೂ ಲೆಕ್ಕ ಹಾಕಿ ಶುರು ಮಾಡಿರಲಿಲ್ಲ.

5 ಮತ್ತು 7ರ ನಮೂನೆಗಳನ್ನೂ ಕೊಟ್ಟುಬಿಡ್ತೀನಿ. 5ಕ್ಕೆ: ಸಂಖ್ಯೆಯ ಶೇಷ 1 ಆದರೆ ತೂತು 0, 1, 4ರಲ್ಲಿ; 2 ಆದರೆ 1, 4; 3 ಆದರೆ 2, 3; 4 ಆದರೆ 0, 2, 3. 7ಕ್ಕೆ: 1 ಆದರೆ 1, 3, 4, 6; 2 ಆದರೆ 2, 3, 4, 5; 3 ಆದರೆ 0, 2, 5; 4 ಆದರೆ 1, 2, 5, 6; 5 ಆದರೆ 0, 3, 4; 6 ಆದರೆ 0, 1, 6. 11 ಮತ್ತು 13ನ್ನು ನೀವೇ ಬಿಡಿಸಿ, ಮೇಲೆ ಕೊಟ್ಟ ವರ್ಗಗಳ ಶೇಷ ಇಟ್ಟುಕೊಂಡರೆ ಒಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತೆ.

ಪ್ರಿಂಟ್, ಕತ್ತರಿ, ತೂತು

ಪಟ್ಟಿಗೆ 300 ಜಿಎಸ್‌ಎಂ ಐವರಿ ಕಾರ್ಡ್ ತಗೊಂಡೆ. ಕಂಪ್ಯೂಟರಿನಲ್ಲಿ ಮನೆಗಳನ್ನು ಎಳೆದು, ತೂತು ಬರುವ ಕಡೆ ಸಣ್ಣ ಸೊನ್ನೆ ಹಾಕಿ, ಎಡಗಡೆಯ ಮೊದಲ ಮನೆಗಳ ಮೇಲೆ 0, 1, 2 ಅಂತ ಶೇಷ ಬರೆದು, ಪ್ರಿಂಟ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಇಲ್ಲಿ ಒಂದು ಎಚ್ಚರ. 'ಫಿಟ್ ಟು ಪೇಜ್' ಆನ್ ಇದ್ದರೆ ಹಾಳೆಯ ಅಂಚು ಬಿಡೋದಕ್ಕೆ ಚಿತ್ರ ಸ್ವಲ್ಪ ಕುಗ್ಗುತ್ತೆ. 6 ಮಿ.ಮೀ. ಇದ್ದದ್ದು 5.8 ಆಯಿತು ಅಂದುಕೊಳ್ಳಿ, 58 ಮನೆ ದಾಟುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಮನೆ ವ್ಯತ್ಯಾಸ. ತಮಾಷೆ ಏನಂದರೆ, ಎಲ್ಲ ಹಾಳೆಯೂ ಒಂದೇ ಸಮ ಕುಗ್ಗಿದ್ದರೆ ಏನೂ ತೊಂದರೆ ಇಲ್ಲ, ಪಟ್ಟಿಗಳು ಒಂದಕ್ಕೊಂದು ಸರಿಯಾಗಿಯೇ ಕೂರುತ್ತವೆ. ಎರಡು ಹಾಳೆ ಒಂದು ಕಡೆ, ಇನ್ನೊಂದು ಬೇರೆ ಕಡೆ ಹಾಕಿಸಿದರೆ ಮಾತ್ರ ಕೆಟ್ಟಿತು. ಕಿಟಕಿಯ ಹಾಳೆಯನ್ನೂ ಸೇರಿಸಿ ಎಲ್ಲವನ್ನೂ ಒಂದೇ ಸಲ, ಒಂದೇ ಮಷಿನ್ನಿನಲ್ಲಿ ಹಾಕಿಸಿ. ಹಾಳೆಗೆ ಒಂದು ನಾರಿನ ದಿಕ್ಕು ಅಂತ ಇರುತ್ತೆ, ಮಳೆಗಾಲದಲ್ಲಿ ತೇವ ಹಿಡಿದರೆ ನಾರಿಗೆ ಅಡ್ಡವಾಗಿ ಜಾಸ್ತಿ ಹಿಗ್ಗುತ್ತೆ. ಅದಕ್ಕೇ ಎಲ್ಲ ಪಟ್ಟಿಯನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು.

ತೂತಿಗೆ ಆಫೀಸಿನ ಪಂಚಿಂಗ್ ಮಷಿನ್ ಆಗಲ್ಲ, ಅದರ ತೂತು ಹತ್ತಿರ ಹತ್ತಿರ 6 ಮಿ.ಮೀ., ಮನೆ ಮನೆ ಸೇರಿಹೋಗುತ್ತೆ. ಬೆಲ್ಟಿಗೆ ತೂತು ಹೊಡೀತಾರಲ್ಲ, ತಲೆ ತಿರುಗುವ ಪ್ಲೈಯರ್, ಅದರಲ್ಲಿ 3.5 ಮಿ.ಮೀ. ಇಟ್ಟು ಹೊಡೆದೆ. 40 ಪಟ್ಟಿಗೆ ಒಟ್ಟು ಸಾವಿರದ ಇನ್ನೂರರ ಹತ್ತಿರ ತೂತು. ಕೈ ಬೊಬ್ಬೆ ಬರುತ್ತೆ, ಪ್ಲೈಯರ್ ಹಿಡಿಗೆ ಬಟ್ಟೆ ಸುತ್ತಿಕೊಳ್ಳಿ. ಲೇಸರ್ ಕಟ್ಟಿಂಗ್ ಮಾಡಿಸಿದರೆ ಸುಲಭ. ಆದರೆ ತೂತು ಹೊಡೆಯುತ್ತಾ ಹೋದಂತೆ ನಮೂನೆಗಳು ಕೈಗೆ ಹತ್ತುತ್ತವೆ: 0ಯ ಎಡಬಲ ಎರಡೂ ಕಡೆ ಒಂದೇ ಥರ ಇರುತ್ತೆ ಅನ್ನೋದು ಮೂರನೇ ಪಟ್ಟಿಗೇ ಕಣ್ಣಿಗೆ ಬೀಳುತ್ತೆ. xಗೂ −xಗೂ ವರ್ಗ ಒಂದೇ ಅಲ್ವಾ, ಅದಕ್ಕೆ. ಈ ವಿಷಯ ಮುಂದೆ ಒಂದು ಆಟ ಆಡಿಸುತ್ತದೆ.

ಬಿಳಿ ಕಾರ್ಡಿನ ಇನ್ನೊಂದು ಸಮಸ್ಯೆ ಬೆಳಕು. ಐದು ಪಟ್ಟಿಯಲ್ಲಿ ತೂತು ಇದ್ದು ಒಂದರಲ್ಲಿ ಮಾತ್ರ ಇಲ್ಲ ಅಂದರೆ ಬೆಳಕಿಗೆ ಅಡ್ಡ ಇರೋದು ಒಂದೇ ಪದರ. ಎಲ್‌ಇಡಿ ಹೊಳಪಿಗೆ ಅದು ಮಸುಕಾಗಿ ಬೆಳಗುತ್ತೆ, ಹೌದೋ ಅಲ್ಲವೋ ಅನ್ನೋ ಅನುಮಾನ. ಪಟ್ಟಿಗಳ ಹಿಂಬದಿಗೆ ಮ್ಯಾಟ್ ಕಪ್ಪು ಸ್ಪ್ರೇ ಪೇಂಟ್ ಹೊಡೆದ ಮೇಲೆ ಅದು ಪೂರ್ತಿ ನಿಂತಿತು. ತೂತು ಹೊಡೆಯೋದಕ್ಕೆ ಮುಂಚೆಯೇ ಪೇಂಟ್ ಹೊಡೆಯಿರಿ, ಆಮೇಲೆ ಹೊಡೆದರೆ ತೂತಿನ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ಪಟ್ಟಿ ಸಲೀಸಾಗಿ ಜರುಗಲ್ಲ.

ಪೆಟ್ಟಿಗೆ

ಇದರಲ್ಲಿ ವಿಶೇಷ ಏನಿಲ್ಲ. ಪ್ಲೈವುಡ್ಡಿನ ಉದ್ದನೆ ಪೆಟ್ಟಿಗೆ, 25 ಮಿ.ಮೀ. ಆಳ. ತಳಕ್ಕೆ ಮೀಟರಿಗೆ 60 ಬಲ್ಬಿರುವ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್. ಅದನ್ನು 5 ಸೆಂಟಿಮೀಟರಿಗೊಮ್ಮೆ ಕತ್ತರಿಸಬಹುದು, 35 ಸೆಂ.ಮೀ. ಸಾಕು. ಹಳೇ ರೌಟರಿನ 12 ವೋಲ್ಟ್ ಅಡಾಪ್ಟರಿನಲ್ಲಿ ಆರಾಮಾಗಿ ಉರಿಯುತ್ತೆ. ಮೇಲೆ ಹಾಲು ಬಣ್ಣದ ಅಕ್ರಿಲಿಕ್ ಪಟ್ಟಿ, ಬೋರ್ಡ್ ಬರೆಯುವವರ ಹತ್ತಿರ ತುಂಡು ಸಿಗುತ್ತೆ. ಆಳ ಕಡಿಮೆ ಮಾಡಿದರೆ ಬಲ್ಬು ಬಲ್ಬಾಗಿ ಕಾಣುತ್ತೆ, ಎರಡು ಬಲ್ಬಿನ ನಡುವಿನ ಮನೆ ಮಂಕಾಗುತ್ತೆ.

ಅಕ್ರಿಲಿಕ್ ಮೇಲೆ ಎರಡು ಮರದ ಬೀಡಿಂಗ್ ಪಟ್ಟಿ, ನಡುವೆ 20.5 ಮಿ.ಮೀ. ಜಾಗ. ಎರಡು ತುದಿಯೂ ತೆರೆದಿರಬೇಕು, ಪಟ್ಟಿಗಳು ಆಚೀಚೆ ಹೊರಗೆ ಬರಬೇಕಲ್ಲ. ಎಲ್ಲಕ್ಕಿಂತ ಮೇಲೆ 0ಯಿಂದ 57ರವರೆಗೆ ನಂಬರ್ ಹಾಕಿದ, ಎಲ್ಲ ಮನೆಗೂ ತೂತು ಇರುವ ಕಪ್ಪು ಕಿಟಕಿ. ಇದು ಜರುಗಲ್ಲ, ಎಡಗಡೆ ಕಬ್ಜದ ಥರ ಬಟ್ಟೆ ಟೇಪ್ ಅಂಟಿಸಿದ್ದೇನೆ, ಎತ್ತಿ ಪಟ್ಟಿ ಇಟ್ಟು ಮುಚ್ಚಬಹುದು.

ಜೋಡಿಸುವುದು

ಕಂಪ್ಯೂಟರ್ ಬೇಡ ಅಂದಿದ್ದೆ, ಕ್ಯಾಲ್ಕುಲೇಟರ್ ಕೂಡ ಬೇಡ. ಶೇಷಗಳೆಲ್ಲ ಬಾಯಲ್ಲೇ ಬರುತ್ತವೆ. 16ಕ್ಕೆ ಕೊನೆಯ ನಾಲ್ಕು ಅಂಕಿ ಸಾಕು, 9ಕ್ಕೆ ಅಂಕಿಗಳ ಮೊತ್ತ, 5ಕ್ಕೆ ಕೊನೆಯ ಅಂಕಿ. 7, 11, 13ಕ್ಕೆ ಒಂದು ಚಂದದ ಉಪಾಯ ಇದೆ. ಈ ಮೂರರ ಗುಣಲಬ್ಧ 1001. ಹಾಗಾಗಿ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ಒಡೆದು, ಒಂದು ಕೂಡಿ ಒಂದು ಕಳೆಯುತ್ತಾ ಹೋದರೆ ಸಿಗುವ ಚಿಕ್ಕ ಸಂಖ್ಯೆಗೂ ಮೂಲ ಸಂಖ್ಯೆಗೂ ಮೂರರ ಶೇಷವೂ ಒಂದೇ.

8616460799 ಅಂದರೆ 8, 616, 460, 799. 799ರಿಂದ 460 ಕಳೆದು, 616 ಕೂಡಿ, 8 ಕಳೆದರೆ 947. ಇದನ್ನು 7ರಿಂದ ಭಾಗಿಸಿದರೆ ಶೇಷ 2, 11ರಿಂದ 1, 13ರಿಂದ 11. ಮುಗೀತು. 16ಕ್ಕೆ 0799, ಶೇಷ 15. ಅಂಕಿಗಳ ಮೊತ್ತ 56, 9ರ ಶೇಷ 2. ಕೊನೆಯ ಅಂಕಿ 9, 5ರ ಶೇಷ 4. ಆರು ಪಟ್ಟಿ ಆರಿಸಿಕೊಂಡಾಯಿತು.

ಈಗ ಶುರುವಿನ x, 92825. ಇದರ ಶೇಷಗಳೂ ಬೇಕು: 8ಕ್ಕೆ 1, 9ಕ್ಕೆ 8, 5ಕ್ಕೆ 0. 825ರಿಂದ 92 ಕಳೆದರೆ 733, ಅದರಿಂದ 7ಕ್ಕೆ 5, 11ಕ್ಕೆ 7, 13ಕ್ಕೆ 5. ಪ್ರತಿ ಪಟ್ಟಿಯಲ್ಲೂ ಆ ನಂಬರಿನ ಮನೆ ಕಿಟಕಿಯ 0ಯ ಕೆಳಗೆ ಬರುವಂತೆ ಜರುಗಿಸಬೇಕು, ಅಷ್ಟೇ.

ಮೊದಲು ಫರ್ಮಾ ಸಂಖ್ಯೆ

ಉತ್ತರ ಗೊತ್ತಿರುವುದರಿಂದ ಶುರು ಮಾಡೋಣ ಅಂತ 2027651281 ಇಟ್ಟೆ. 45030ರಿಂದ ಶುರು. ದೀಪ 11ನೇ ಮನೆಯಲ್ಲಿ ಬರಬೇಕು. ಬಂತು. ಜೊತೆಗೆ 19ರಲ್ಲೂ ಇನ್ನೊಂದು ಬಂತು.

ತಪ್ಪು ದೀಪ ಬರಲ್ಲ ಅಂತೇನಿಲ್ಲ. ಆರು ಪಟ್ಟಿ ದಾಟಿ ಸುಳ್ಳೇ ಉಳಿಯುವ ಮನೆಗಳು 58ರ ಕಿಟಕಿಗೆ ಸರಾಸರಿ 0.25 ಅಂತ ನನ್ನ ಅಂದಾಜು, ಅಂದರೆ ನಾಲ್ಕು ಕಿಟಕಿಗೆ ಒಂದು. ಆದರೆ 19ನೇ ಮನೆಯದ್ದು ಬರೀ ಆಕಸ್ಮಿಕ ಅಲ್ಲ. ಅದರ x 45049. 45041 ಮತ್ತು 45049 ಕೂಡಿ: 90090. ಅದು 2 × 9 × 5 × 7 × 11 × 13! ಎರಡರ ವ್ಯತ್ಯಾಸ 8. ಹಾಗಾಗಿ ಎರಡರ ವರ್ಗಗಳ ವ್ಯತ್ಯಾಸ 8 × 90090, ಅಂದರೆ 720720. ಇದು 1ರಿಂದ 16ರವರೆಗಿನ ಎಲ್ಲ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆ. ನನ್ನ ಆರು ಪಟ್ಟಿಗಳ ಪಾಲಿಗೆ ಈ ಎರಡು xಗಳಿಗೆ ವ್ಯತ್ಯಾಸವೇ ಇಲ್ಲ. ಒಂದು ಉಳಿದರೆ ಇನ್ನೊಂದು ಉಳಿಯಲೇಬೇಕು. ಪಟ್ಟಿಗಳು ಎಡಬಲ ಒಂದೇ ಥರ ಇರುತ್ತವೆ ಅಂದೆನಲ್ಲ, 45045ರ ಹತ್ತಿರ 9, 5, 7, 11, 13 ಐದೂ ಪಟ್ಟಿಯ 0 ಒಟ್ಟಿಗೆ ಬಂದು ಕೂತಿದೆ, ಅದರ ಎರಡು ಪಕ್ಕಕ್ಕೆ ನಾಲ್ಕು ನಾಲ್ಕು ಮನೆ ದೂರದಲ್ಲಿ ಈ ಎರಡು ದೀಪ. ಫರ್ಮಾ ಆರಿಸಿಕೊಂಡ ಸಂಖ್ಯೆ, ನಾನು ಆರಿಸಿಕೊಂಡ ಪಟ್ಟಿಗಳು, ಎರಡೂ ಹೀಗೆ ಬಂದು ಸೇರಿದ್ದು ನೋಡಿ ಸುಮ್ನೆ ನಗು ಬಂತು.

ಸುಳ್ಳು ದೀಪವನ್ನು ಗುರುತಿಸುವುದು ಸುಲಭ. 45049ರ ವರ್ಗದಿಂದ ಸಂಖ್ಯೆ ಕಳೆದರೆ 1761120. ಪೂರ್ಣ ವರ್ಗ ಸೊನ್ನೆಯಲ್ಲಿ ಮುಗಿದರೆ ಎರಡು ಸೊನ್ನೆ ಇರಲೇಬೇಕು. ಇಲ್ಲಿ 20. ಆಗಲ್ಲ.

ಆಮೇಲೆ ಜೆವನ್ಸ್

ಆರೂ ಪಟ್ಟಿ ಒಟ್ಟಿಗೆ ಇಡುವ ಬದಲು ಒಂದೊಂದೇ ಸೇರಿಸುತ್ತಾ ನೋಡಿ, ಅದರಲ್ಲೇ ಮಜಾ ಇರೋದು. 16ರ ಪಟ್ಟಿ ಇಟ್ಟಾಗ ನಾಲ್ಕು ಮನೆಗೊಂದು ದೀಪ. 9ರದ್ದು ಸೇರಿಸಿದರೆ 58 ಮನೆಯಲ್ಲಿ ಐದೇ ದೀಪ: 7, 19, 31, 43, 55. x ಹನ್ನೆರಡರ ಅಪವರ್ತ್ಯ ಆಗಿರಲೇಬೇಕು ಅಂತ ಎರಡೇ ಪಟ್ಟಿ ಹೇಳಿಬಿಟ್ಟವು. 5ರ ಪಟ್ಟಿಗೆ 19 ಮತ್ತು 31 ಆರಿದವು. 7ಕ್ಕೆ 43 ಹೋಯಿತು. 11ರ ಪಟ್ಟಿ ತೂರಿಸಿದ ತಕ್ಷಣ 7 ಆರಿತು. ಉಳಿದದ್ದು ಒಂದೇ, 55. 13ರ ಪಟ್ಟಿ ಇಟ್ಟರೂ ಅದು ಆರಲಿಲ್ಲ.

92825ಕ್ಕೆ 55 ಕೂಡಿದರೆ 92880. ಇಡೀ ಕೆಲಸದಲ್ಲಿ ದೊಡ್ಡ ಗುಣಾಕಾರ ಮಾಡಬೇಕಾದದ್ದು ಇಲ್ಲಿ ಮಾತ್ರ. 92880ರ ವರ್ಗ 8626694400. ಅದರಿಂದ ಜೆವನ್ಸ್ ಸಂಖ್ಯೆ ಕಳೆದರೆ 10233601. 3200ರ ವರ್ಗ 10240000, ಅದಕ್ಕಿಂತ ಸ್ವಲ್ಪ ಕಡಿಮೆ, 3199 ಇರಬೇಕು. ಹೌದು. 92880 + 3199 = 96079. 92880 − 3199 = 89681. ಗುಣಿಸಿ ನೋಡಿ.

ಯಾರಿಗೂ ಗೊತ್ತಾಗಲ್ಲ ಅಂದಿದ್ದ ಸಂಖ್ಯೆ ಐದು ರಟ್ಟಿನ ಪಟ್ಟಿಗೆ ಬಿತ್ತು. ಜೆವನ್ಸ್ ಆರಿಸಿದ ಎರಡು ಅವಿಭಾಜ್ಯ ಸಂಖ್ಯೆಗಳು ಒಂದಕ್ಕೊಂದು ತೀರಾ ಹತ್ತಿರ ಇದ್ದವು, ಅಷ್ಟೇ ಅವರ ಎಡವಟ್ಟು. ಫರ್ಮಾ ವಿಧಾನದಲ್ಲಿ ಬರೀ ಕೈಯಲ್ಲಿ ಒಂದೊಂದೇ ನೋಡುತ್ತಾ ಹೋಗಿದ್ದರೂ 56ನೇ xಗೆ ಸಿಗುತ್ತಿತ್ತು.

ಎಲ್ಲಿ ಕೈ ಕೊಡುತ್ತೆ

ಅಪವರ್ತನಗಳು ದೂರ ದೂರ ಇದ್ದರೆ ಈ ಪೆಟ್ಟಿಗೆ ಪ್ರಯೋಜನ ಇಲ್ಲ. 30021 ತಗೊಳ್ಳಿ, ಅದು 3 × 10007. ವರ್ಗಮೂಲ 173ರ ಮೇಲೆ, ಶುರು 174. ಆದರೆ ಬೇಕಾದ x 5005. ಮೂರರಿಂದ ಭಾಗವಾಗುತ್ತೆ ಅಂತ ಅಂಕಿ ಕೂಡಿದರೇ ಗೊತ್ತಾಗುವ ಸಂಖ್ಯೆಗೆ ಎಂಬತ್ತಕ್ಕೂ ಜಾಸ್ತಿ ಕಿಟಕಿ ಜರುಗಿಸಬೇಕು! ಹಾಗಾಗಿ ಮೊದಲು ಚಿಕ್ಕ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿ, ಆಮೇಲೆ ಪೆಟ್ಟಿಗೆಗೆ ಬನ್ನಿ. ಎರಡೂ ಒಂದರ ಕೊರತೆ ಒಂದು ತುಂಬುತ್ತವೆ.

ನಡುವಿನವಕ್ಕೆ ಒಂದು ಉಪಾಯ ಇದೆ. 3050207 ಇಟ್ಟು ನೋಡಿ. ಇದು 1009 × 3023, ಒಂದು ಇನ್ನೊಂದರ ಹತ್ತಿರ ಹತ್ತಿರ ಮೂರು ಪಟ್ಟು. ಸುಮ್ನೆ ಹೋದರೆ 1747ರಿಂದ 2016ರವರೆಗೆ ಐದು ಕಿಟಕಿ ಬೇಕು. ಅದರ ಬದಲು ಮೊದಲೇ ಮೂರರಿಂದ ಗುಣಿಸಿಬಿಡಿ: 9150621. ಈಗ ಅಪವರ್ತನಗಳು 3027 ಮತ್ತು 3023, ಅಕ್ಕಪಕ್ಕ ಬಂದವು. ಶುರುವಿನ x 3025, ವರ್ಗ 9150625, ವ್ಯತ್ಯಾಸ 4. ಮೊದಲ ಮನೆಯಲ್ಲೇ ದೀಪ. 3027ನ್ನು ಮೂರರಿಂದ ಭಾಗಿಸಿದರೆ 1009 ವಾಪಸ್. ಹೀಗೆ ಮಾಡುವಾಗ 9ರ ಪಟ್ಟಿ ತೆಗೆದಿಡಿ, ಸಂಖ್ಯೆಯೇ ಮೂರರ ಅಪವರ್ತ್ಯ ಆದ ಮೇಲೆ ಅದಕ್ಕೆ ಪಟ್ಟಿ ಇಲ್ಲ. ಯಾವ ಪಟ್ಟು ಅಂತ ಮುಂಚೆ ಗೊತ್ತಿರಲ್ಲ ನಿಜ. ಒಂದು ಕಿಟಕಿ ಹಾಗೇ, ಒಂದು ಕಿಟಕಿ ಮೂರರಿಂದ ಗುಣಿಸಿ, ಒಂದು ಐದರಿಂದ ಗುಣಿಸಿ ಅಂತ ನೋಡುತ್ತಾ ಹೋಗೋದು. ಐದರಿಂದ ಗುಣಿಸಿದರೆ 5ರ ಪಟ್ಟಿ ಹೊರಗೆ.

ಒಂದು ಕಿಟಕಿಯಲ್ಲಿ ಸಿಗದಿದ್ದರೆ ಮುಂದಿನ 58ಕ್ಕೆ ಹೋಗಲು ಹೊಸದಾಗಿ ಶೇಷ ತೆಗೆಯಬೇಕಿಲ್ಲ. 0ಯ ಕೆಳಗಿರುವ ನಂಬರಿಗೆ 16ರ ಪಟ್ಟಿಯಲ್ಲಿ 2 ಕೂಡಿ, 9ರಲ್ಲಿ 4, 5ರಲ್ಲಿ 3, 7ರಲ್ಲಿ 2, 11ರಲ್ಲಿ 3, 13ರಲ್ಲಿ 6. ಪಟ್ಟಿಯ ಶೇಷಗಳನ್ನು ಮೀರಿದರೆ ಒಂದು ಸುತ್ತು ಕಳೆಯಿರಿ, 16ರ ಪಟ್ಟಿಯಲ್ಲಿ ಸುತ್ತು ಅಂದರೆ 8. ಈ ಆರು ಅಂಕಿಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಮಾರ್ಕರಿನಲ್ಲಿ ಬರೆದಿದ್ದೇನೆ.

ಉಳಿದ ಎರಡು ಖಾಲಿ ಪಟ್ಟಿಗೆ 25ರದ್ದು ಮಾಡೋಣ ಅಂತಿದ್ದೇನೆ, ಫರ್ಮಾ ಸಂಖ್ಯೆಯ ಆ ಜೋಡಿ ದೀಪದಲ್ಲಿ ಸುಳ್ಳಿನದ್ದನ್ನು ಅದು ಆರಿಸುತ್ತೆ. ಆದರೆ 25ರ ಪಟ್ಟಿಗೆ 24 ಮನೆ ಜಾಸ್ತಿ ಬೇಕು, 70ರಲ್ಲಿ ಕಿಟಕಿಗೆ ಉಳಿಯೋದು 46. 17 ಸೇರಿಸಿದರೆ 54 ಉಳಿಯುತ್ತೆ, ಆದರೆ ಒಂದಲ್ಲ ಎರಡಲ್ಲ, 16 ಹೊಸ ಪಟ್ಟಿ ಹೊಡೆಯಬೇಕು. ಬೊಬ್ಬೆ ಮಾಯಲಿ, ನೋಡೋಣ.